ಹಿಮದ ಹಾದಿಯಲ್ಲಿ ಈರ್ಯಾಸಮಿತಿ

ಮುನಿಗಳು ವಿಹಾರ ಮಾಡುವಾಗ ಮುಂದಿನ ನಾಲ್ಕು ಮೊಳದಷ್ಟು ನೆಲವನ್ನು ನೋಡುತ್ತ, ಜೀವಿಗಳಿಗೆ ಬಾಧೆಯಾಗದಂತೆ ಹೆಜ್ಜೆಯಿಡಬೇಕು. ಇದೇ ಈರ್ಯಾಸಮಿತಿ. ಮಹಾವ್ರತಿಗಳಿಗಾಗಿ ಹೇಳಿದ ಈ ನಿಯಮದಲ್ಲಿ ಶ್ರಾವಕರಾದ ನಮಗೂ ಬೆಳಕಿದೆ. ಅಮೆರಿಕದ ಉತ್ತರದಂಚಿನ ಮಿನ್ನೆಸೋಟ ರಾಜ್ಯದಲ್ಲಿ, ಮಗಳ ಮನೆಯಲ್ಲಿ ಕಳೆದ ಒಂದು ಚಳಿಗಾಲವು ಈ ಮಾತನ್ನು ನನಗೆ ಹೊಸದಾಗಿ ಮನಗಾಣಿಸಿತು.

ಅಲ್ಲಿನ ಕಾಡುಗಳ ಹಿಮದ ಹಾದಿಗಳಲ್ಲಿ ಎರಡು ಬಗೆಯ ಜನ ಸಂಚರಿಸುತ್ತಾರೆ. ಕಾಲಿಗೆ ನೀಳವಾದ ಸ್ಕೀ ಪಟ್ಟಿಗಳನ್ನು ಕಟ್ಟಿ, ಕೈಕೋಲುಗಳನ್ನು ಊರುತ್ತ ಜಾರಿ ಸಾಗುವವರು ಕೆಲವರು. ಸ್ನೋಮೊಬೈಲೆಂಬ ಹಿಮವಾಹನವನ್ನೇರಿ ಧಾವಿಸುವವರು ಮತ್ತೆ ಕೆಲವರು. ಸ್ಕೀಗೆಂದೇ ಮೀಸಲಾದ ಹಾದಿಗಳುಂಟು. ಆದರೆ ಕೆಲವೆಡೆ ಇಬ್ಬರಿಗೂ ಒಂದೇ ಹಾದಿ. ಒಬ್ಬರಿಗೆ ಬೇಕಾದುದು ಮೌನ. ಇನ್ನೊಬ್ಬರ ಜೊತೆಗೆ ಬರುವುದು ಗದ್ದಲ, ಹೊಗೆ. ಮನಸ್ತಾಪ ಹುಟ್ಟಲು ಇಷ್ಟು ಸಾಕು. 1972ರಲ್ಲಿ ಅಧ್ಯಕ್ಷ ನಿಕ್ಸನ್ ಅವರು ಹೊರಡಿಸಿದ ಆದೇಶವೊಂದು, ಕೇಂದ್ರ ಸರ್ಕಾರದ ಭೂಮಿಯಲ್ಲಿ ಇಂತಹ ವಾಹನಗಳಿಂದಾಗುವ ವನ್ಯಜೀವಿಗಳ ಪೀಡನೆಯನ್ನೂ ಇತರರೊಡನೆ ಘರ್ಷಣೆಯನ್ನೂ ತಗ್ಗಿಸಬೇಕೆಂದು ವಿಧಿಸಿತು.

ಹದಿನೇಳರ ಮೊಮ್ಮಗ ಗೆಳೆಯರೊಡನೆ ಸ್ನೋಮೊಬೈಲ್ ಸವಾರಿಗೆ ಹೊರಡುವ ಮುನ್ನ, “ಅಜ್ಜಾ, ಇದು ಹಿಂಸೆಯೇ?” ಎಂದು ಕೇಳಿದ. ತಾಯಿ ಬೇಡವೆಂದಿದ್ದಳು, ತಂದೆ ಹೋಗಲೆಂದಿದ್ದರು. ಒಂದೇ ಮಾತಿನಲ್ಲಿ ಉತ್ತರಿಸುವುದು ಸುಲಭವಿರಲಿಲ್ಲ.

ಹಿಮ ನಿರ್ಜೀವವೆಂದು ತೋರುತ್ತದೆ. ಆದರೆ ನೆಲಕ್ಕೂ ಹಿಮಕ್ಕೂ ನಡುವಿನ ಕಿರಿದಾದ ಎಡೆಯಲ್ಲಿ ಕಾಡಿಲಿ, ಸುಂಡಿಲಿಗಳು ಚಳಿಗಾಲವನ್ನು ಕಳೆಯುತ್ತವೆ. ಹೊರಗೆ ಸೊನ್ನೆಗಿಂತ 25 ಡಿಗ್ರಿ ಕೆಳಗಿನ ಚಳಿಯಿದ್ದರೂ, ಆಳವಾದ ಹಿಮದ ಹೊದಿಕೆಯಡಿ ಉಷ್ಣತೆ ಸೊನ್ನೆಯ ಸಮೀಪವೇ ಉಳಿಯುತ್ತದೆ. ವಾಹನ ಹಾದು ಹಿಮ ಅಮುಕಿಹೋದರೆ ಅದರೊಳಗಿನ ಗಾಳಿ ಹೋಗಿ ಹೊದಿಕೆಯ ಗುಣ ಕುಗ್ಗುತ್ತದೆ. ಆ ಜೀವಿಗಳ ಓಡಾಟದ ಎಡೆಗಳೂ ಮುಚ್ಚುತ್ತವೆ. ಮೈಯ ಕೊಬ್ಬನ್ನು ನೆಚ್ಚಿ ಚಳಿಗಾಲ ದಾಟುವ ಜಿಂಕೆ ಬೆದರಿ ಓಡಿದರೆ ಅದರ ಶಕ್ತಿ ವ್ಯರ್ಥವಾಗುತ್ತದೆ. ಜೀವಬಾಹುಳ್ಯವನ್ನು ಕಂಡು ನಮ್ಮ ಮುನಿಗಳು ಚಾತುರ್ಮಾಸದಲ್ಲಿ ಒಂದೆಡೆ ನಿಲ್ಲುತ್ತಾರೆ. ಅಲ್ಲಿನ ಹಿಮಗಾಲದಲ್ಲಿಯೂ ಕಣ್ಣಿಗೆ ಕಾಣದ ಅಂತಹ ಜೀವಲೋಕವಿದೆ.

ಸತ್ಯಕ್ಕೆ ಇನ್ನೊಂದು ಮುಖವೂ ಉಂಟು. ಆ ರಾಜ್ಯದ ಸುಮಾರು 35,000 ಕಿಲೋಮೀಟರ್ ಸ್ನೋಮೊಬೈಲ್ ಹಾದಿಗಳಲ್ಲಿ ಬಹುಭಾಗವನ್ನು ನೋಡಿಕೊಳ್ಳುವವರು ಸವಾರರ ಸ್ವಯಂಸೇವಾ ಸಂಘಗಳವರು. ಬಿದ್ದ ಮರವನ್ನು ತೆಗೆದು, ಹಿಮವನ್ನು ಹಸನುಗೊಳಿಸುವವರು ಅವರೇ. ಸ್ಕೀ ಹಾದಿಯಲ್ಲಿ ಜೋಡಿಗೆರೆಗಳನ್ನು ಮೂಡಿಸುವ ಉಪಕರಣವನ್ನು ಎಳೆಯುವುದೂ ಎಷ್ಟೋ ಕಡೆ ಸ್ನೋಮೊಬೈಲೇ. ಆದ್ದರಿಂದ ಸವಾರನು ಹಿಂಸಕ, ಸ್ಕೀಗಾರನು ಅಹಿಂಸಕ ಎಂಬ ತೀರ್ಪು ಏಕಾಂತವಾದವಾದೀತು.

ಹಂಚಿಕೊಂಡ ಹಾದಿಯೊಂದರಲ್ಲಿ ನಾನು ಕಂಡ ದೃಶ್ಯ ಆಗ ನೆನಪಾಯಿತು. ವೃದ್ಧೆಯೊಬ್ಬರು ಸ್ಕೀಯಲ್ಲಿ ಸಾಗುತ್ತಿದ್ದರು. ಎದುರಿನಿಂದ ಬಂದ ಸವಾರನು ದೂರದಲ್ಲಿಯೇ ವೇಗವನ್ನು ನಡಿಗೆಯಷ್ಟಕ್ಕೆ ಇಳಿಸಿದನು. ತನ್ನ ಹಿಂದೆ ಇನ್ನಿಬ್ಬರಿದ್ದಾರೆಂದು ಎರಡು ಬೆರಳೆತ್ತಿ ಸೂಚಿಸಿದನು. ಆಕೆ ಬಲಕ್ಕೆ ಸರಿದು, ಕೋಲೆತ್ತಿ ವಂದಿಸಿದರು. ಮೂವರೂ ದಾಟಿ ಬಹುದೂರ ಹೋದ ಮೇಲೆಯೇ ಎಂಜಿನ್ನಿನ ಸದ್ದು ಏರಿತು. ಅಲ್ಲಿನ ಸಾರ್ವಜನಿಕ ಹಾದಿಗಳಲ್ಲಿ ವೇಗದ ಮಿತಿ ಗಂಟೆಗೆ ಸುಮಾರು 80 ಕಿಲೋಮೀಟರ್. ಅಂದರೆ ಸೆಕೆಂಡಿಗೆ 22 ಮೀಟರ್. ನಡೆಯುವವನಿಗೆ ನಾಲ್ಕು ಮೊಳದ ನೋಟ ಸಾಕು. ಧಾವಿಸುವವನ ನೋಟವು ಅಷ್ಟಕ್ಕಷ್ಟು ಮುಂದೆ ಚಾಚಬೇಕು. ಕಾಣುವ ದೂರದೊಳಗೆ ನಿಲ್ಲಲಾಗದ ವೇಗವೇ ಪ್ರಮಾದ.

ಮೊಮ್ಮಗನಿಗೆ ನಾನು ಹೇಳಿದೆ: “ಮಗು, ಇದು ಬದುಕಿನ ಅಗತ್ಯವಲ್ಲ, ವಿನೋದ. ವಿನೋದಕ್ಕಾಗಿ ಜೀವಿಗಳನ್ನು ಬಾಧಿಸದಿರುವುದೇ ಅನರ್ಥದಂಡವಿರತಿ. ಆದ್ದರಿಂದ ಇದನ್ನು ನಿರ್ದೋಷವೆನ್ನಲಾರೆ, ಬಿಟ್ಟರೆ ಉತ್ತಮ. ಬಿಡಲಾಗದಿದ್ದರೆ ಮಿತಿಯನ್ನಾದರೂ ಸ್ವೀಕರಿಸು. ಸಿದ್ಧಪಡಿಸಿದ ಹಾದಿಯನ್ನು ಬಿಟ್ಟು ಹೊಸ ಹಿಮವನ್ನು ತುಳಿಯಬೇಡ. ಸ್ಕೀಯ ಜೋಡಿಗೆರೆಗಳನ್ನು ಕೆಡಿಸಬೇಡ. ಕಾಲ್ನಡೆಯವರನ್ನು ಕಂಡರೆ ವೇಗ ತಗ್ಗಿಸು. ಮೃಗವನ್ನು ಕಂಡರೆ ಅದು ಸರಿಯುವವರೆಗೆ ಕಾಯು.”

ಅವನು ಆ ದಿನ ಹೋದನು. ಹೋಗುವ ಮುನ್ನ ಈ ನಾಲ್ಕು ಮಾತುಗಳನ್ನು ತಾಯಿಯ ಎದುರು ನಿಯಮವಾಗಿ ಸ್ವೀಕರಿಸಿದನು. ಅಣುವ್ರತದ ದಾರಿ ಹೀಗೆ ಸಣ್ಣದಾಗಿಯೇ ಆರಂಭವಾಗುತ್ತದೆ. ವಿದೇಶಗಳಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳು ಇಂತಹ ಪ್ರಶ್ನೆಗಳನ್ನು ಕೇಳಿದಾಗ, ನಿಷೇಧವನ್ನಷ್ಟೇ ನುಡಿದು ಸುಮ್ಮನಾಗದೆ, ಅವರೊಡನೆ ಕುಳಿತು ಯೋಚಿಸುವ ತಾಳ್ಮೆ ಹಿರಿಯರಾದ ನಮ್ಮಲ್ಲಿರಬೇಕು.