ಸ್ಕ್ಯಾನರಿನ ಮುಂದೆ ಹಯಾ

ಪ್ರಾಣ ರಕ್ಷಣೆಯು ಶರೀಅತ್ತಿನ ಮೂಲ ಉದ್ದೇಶಗಳಲ್ಲೊಂದು. ಆದ್ದರಿಂದ ವಿಮಾನ ನಿಲ್ದಾಣದ ತಪಾಸಣೆಯನ್ನು ನಾವು ಕಿರುಕುಳವೆಂದು ಬಗೆಯುವುದಿಲ್ಲ. 2009ರ ಡಿಸೆಂಬರ್ 25ರಂದು ಡೆಟ್ರಾಯಿಟ್‌ಗೆ ಹೊರಟಿದ್ದ ವಿಮಾನದಲ್ಲಿ ಒಳಉಡುಪಿನೊಳಗೆ ಸ್ಫೋಟಕ ಅಡಗಿಸಿಕೊಂಡಿದ್ದವನು ಮುಸ್ಲಿಮ್ ಹೆಸರಿನವನೇ ಎಂಬುದನ್ನು ಮರೆಮಾಚಬೇಕಾಗಿಯೂ ಇಲ್ಲ. ಸುಮಾರು 290 ಮಂದಿ ಅಂದು ಬದುಕುಳಿದದ್ದು ಅಲ್ಲಾಹನ ಕೃಪೆ.

ಆ ಬಳಿಕ ಅಮೆರಿಕ, ಬ್ರಿಟನ್‌ಗಳಲ್ಲಿ ಇಡೀ ದೇಹವನ್ನು ಶೋಧಿಸುವ ಸ್ಕ್ಯಾನರ್‌ಗಳು ವೇಗವಾಗಿ ಹಬ್ಬಿದವು. ಕೆಲವು ಮಿಲಿಮೀಟರ್ ತರಂಗದವು, ಕೆಲವು ಕ್ಷ-ಕಿರಣದವು. ಒಂದು ಸಲಕ್ಕೆ ತಗಲುವ ಕ್ಷ-ಕಿರಣ ಅತ್ಯಲ್ಪ. ಆಗಸದಲ್ಲಿ ಕೆಲವು ನಿಮಿಷ ಹಾರುವಾಗ ತಗಲುವಷ್ಟು ವಿಕಿರಣ ಮಾತ್ರ. ಆದರೂ ಬೇರೆ ದಾರಿಯಿರುವಾಗ ಅಷ್ಟಾದರೂ ಏಕೆ? ಐರೋಪ್ಯ ಒಕ್ಕೂಟವು 2011ರಲ್ಲಿ ಕ್ಷ-ಕಿರಣದ ಯಂತ್ರಗಳಿಗೆ ಅನುಮತಿ ನಿರಾಕರಿಸಿತು.

ನಮ್ಮನ್ನು ಹೆಚ್ಚು ತಟ್ಟುವುದು ನೋಟದ ಪ್ರಶ್ನೆ. ಆರಂಭದ ಯಂತ್ರಗಳು ಬಟ್ಟೆಯನ್ನು ದಾಟಿ ದೇಹದ ರೂಪವನ್ನೇ ಪರದೆಗೆ ತರುತ್ತಿದ್ದವು. ಬೇರೆ ಕೋಣೆಯಲ್ಲಿ ಕುಳಿತ ಅಪರಿಚಿತರು ಅದನ್ನು ನೋಡುತ್ತಿದ್ದರು. ಮುಖ ಮಸುಕಾಗಿರುತ್ತದೆ ಎಂಬ ಸಮಾಧಾನ ಹೇಳಲಾಯಿತು. ಗುರುತು ಸಿಗದಿದ್ದರೆ ಔರತ್ ಔರತ್ ಅಲ್ಲವೇ? ದೃಷ್ಟಿ ತಗ್ಗಿಸುವ ಆಜ್ಞೆಯನ್ನು ಸೂರಃ ಅನ್ನೂರ್ ಮೊದಲು ಪುರುಷರಿಗೇ ನೀಡಿದೆ (ಮನೆಗಳಲ್ಲಿ ನಾವಿದನ್ನು ಸುಲಭವಾಗಿ ಮರೆಯುತ್ತೇವೆ). 2010ರ ಫೆಬ್ರವರಿಯಲ್ಲಿ ಉತ್ತರ ಅಮೆರಿಕದ ಫಿಕ್‌ಹ್ ಕೌನ್ಸಿಲ್ ಈ ಚಿತ್ರಣವು ಹಯಾಕ್ಕೆ ವಿರುದ್ಧವೆಂದೂ ಕೈಯಿಂದ ನಡೆಸುವ ತಪಾಸಣೆಯನ್ನು ಆರಿಸಿಕೊಳ್ಳಬೇಕೆಂದೂ ಹೇಳಿತು.

ಅನಿವಾರ್ಯತೆಯು ನಿಷಿದ್ಧವನ್ನು ಸಡಿಲಿಸುತ್ತದೆ, ಆದರೆ ಅನಿವಾರ್ಯವಿದ್ದಷ್ಟೇ ಎಂಬುದು ಕರ್ಮಶಾಸ್ತ್ರದ ನಿಯಮ. ವೈದ್ಯರಿಗೂ ಗಾಯದಷ್ಟೇ ನೋಡಲು ಅನುಮತಿ. ದೇಹದ ಚಿತ್ರವಿಲ್ಲದೆ ಭದ್ರತೆಯಿಲ್ಲವೆಂದು ವಾದಿಸಿದವರ ಎದುರೇ ಹೊಸ ತಂತ್ರಾಂಶ ಬಂದಿತು: ಎಲ್ಲರಿಗೂ ಒಂದೇ ಬಗೆಯ ಗೊಂಬೆಯಾಕೃತಿ, ಸಂಶಯವಿದ್ದ ಜಾಗಕ್ಕೆ ಒಂದು ಗುರುತು. ಅಮೆರಿಕದ ಸಂಸತ್ತು 2012ರಲ್ಲಿ ಇದನ್ನು ಕಡ್ಡಾಯಗೊಳಿಸಿತು. ಇದಕ್ಕೆ ಒಗ್ಗದ ಕ್ಷ-ಕಿರಣ ಯಂತ್ರಗಳು ಮರುವರ್ಷ ಅಲ್ಲಿನ ನಿಲ್ದಾಣಗಳಿಂದ ಹೊರಬಿದ್ದವು. ಅನಿವಾರ್ಯತೆ ಎಷ್ಟಿತ್ತೆಂದು ಆಗ ತಿಳಿಯಿತು.

ಅದಕ್ಕೂ ಮುನ್ನ, 2010ರ ಮಾರ್ಚ್‌ನಲ್ಲಿ, ಮ್ಯಾಂಚೆಸ್ಟರ್‌ನಿಂದ ಇಸ್ಲಾಮಾಬಾದಿಗೆ ಹೊರಟಿದ್ದ ಇಬ್ಬರು ಮುಸ್ಲಿಮ್ ಮಹಿಳೆಯರು ಸ್ಕ್ಯಾನರಿನೊಳಗೆ ನಿಲ್ಲಲು ಒಪ್ಪಲಿಲ್ಲ. ಒಬ್ಬರದು ಧಾರ್ಮಿಕ ಕಾರಣ, ಮತ್ತೊಬ್ಬರದು ಆರೋಗ್ಯದ ಕಾರಣ. ಯಂತ್ರಕ್ಕೆ ಒಪ್ಪದವರಿಗೆ ಪ್ರಯಾಣವಿಲ್ಲ ಎಂಬುದೇ ಅಂದಿನ ನಿಯಮ. ಇಬ್ಬರೂ ವಿಮಾನ ಬಿಟ್ಟು ಹಿಂದಿರುಗಿದರು. ಬ್ರಿಟನ್ನಿನಲ್ಲಿ ಸ್ಕ್ಯಾನರಿನ ಬದಲು ಖಾಸಗಿ ತಪಾಸಣೆಯನ್ನು ಕೇಳುವ ಅವಕಾಶ ಬಂದದ್ದು 2013ರ ಕೊನೆಯಲ್ಲಿ. ಪರದೆಯ ಮರೆಯಲ್ಲಿ ಮಹಿಳಾ ಸಿಬ್ಬಂದಿಯಿಂದಲೇ ತಪಾಸಣೆ ಮಾಡಿಸಿಕೊಂಡು ಹಜ್ಜಿಗೆ ಹೊರಡುವ ನಮ್ಮ ತಾಯಂದಿರಿಗೆ ಅದು ಹೊಸತಲ್ಲ.