ಕರಿಯ ಕೋಟೂ ಡಂಗುರವೂ

ಕೀರ್ತಿಯು ತಾನಾಗಿ ಬರಬೇಕು, ಕೂಗಿ ಕರೆಯಬಾರದು ಎಂಬುದು ವಕೀಲಿಯಲ್ಲಿ ಹಿರಿಯರು ಕಿರಿಯರಿಗೆ ಹೇಳುವ ಮೊದಲನೆಯ ಮಾತು. ಮಾತೇನೋ ದೊಡ್ಡದು. ಆದರೆ ಆ ಕೀರ್ತಿಯು ಬಂದು ಬಾಗಿಲು ತಟ್ಟುವವರೆಗೆ ಕೋಣೆಯ ಬಾಡಿಗೆಯನ್ನು ಯಾರು ಕೊಡತಕ್ಕವರೆಂಬುದನ್ನು ಮಾತ್ರ ಅವರು ಹೇಳುವುದಿಲ್ಲ. ಸನ್ನದು ಪಡೆದ ಹೊಸತರಲ್ಲಿ ತರುಣನು ಕರಿಯ ಕೋಟು ತೊಟ್ಟು, ಹಿರಿಯರೊಬ್ಬರ ಕಡತಗಳನ್ನು ಹೊತ್ತು, ವಾಯಿದೆ ಕೇಳುವುದರಲ್ಲಿಯೇ ವರ್ಷಗಳನ್ನು ಸವೆಸುತ್ತಾನೆ. ಊರಿನಲ್ಲಿ ಬಂಧುಬಳಗವಿದ್ದವನ ಮಾತು ಬೇರೆ. ಇಲ್ಲದವನ ನಾಮಫಲಕವನ್ನು ಬೀದಿಯ ಧೂಳಲ್ಲದೆ ಮತ್ತಾರೂ ಮುಟ್ಟಿ ನೋಡುವುದಿಲ್ಲ.

ಆ ನಾಮಫಲಕಕ್ಕಾದರೂ ಕಟ್ಟಳೆ ಉಂಟು. ಭಾರತೀಯ ವಕೀಲರ ಪರಿಷತ್ತಿನ 36ನೆಯ ನಿಯಮದ ಪ್ರಕಾರ ಅದು ಮಿತವಾದ ಅಳತೆಯದಾಗಿರಬೇಕು. ತಾನು ಇಂಥ ಸಂಘದ ಅಧ್ಯಕ್ಷನೆಂದಾಗಲಿ, ಹಿಂದೆ ನ್ಯಾಯಾಧೀಶನಾಗಿದ್ದೆನೆಂದಾಗಲಿ, ಇಂಥ ವ್ಯವಹಾರದಲ್ಲಿ ವಿಶೇಷ ನಿಪುಣನೆಂದಾಗಲಿ ಅದರ ಮೇಲೆ ಬರೆಯಿಸಕೂಡದು. ಕರಪತ್ರ, ಜಾಹೀರಾತು, ದಲ್ಲಾಳಿ ಇವೆಲ್ಲವೂ ನಿಷಿದ್ಧ. ತಾನು ನಡೆಯಿಸಿದ ಮೊಕದ್ದಮೆಯ ಸಂಬಂಧದಲ್ಲಿ ಪತ್ರಿಕೆಗೆ ತನ್ನ ಭಾವಚಿತ್ರ ಕೊಡುವುದೂ ತಪ್ಪೇ. ಇದು ಬರಿಯ ಮಡಿವಂತಿಕೆಯೆಂದು ನಗುವವರು ಮುಂಬಯಿಯ ಕಥೆಯನ್ನು ನೆನೆಯಬೇಕು. ಅಲ್ಲಿಯ ಮ್ಯಾಜಿಸ್ಟ್ರೇಟರ ಕೋರ್ಟಿನ ಬಾಗಿಲಲ್ಲಿ ಕೆಲವರು ವಕೀಲರು ಕಕ್ಷಿಗಾರರ ಮೇಲೆ ಮುಗಿಬಿದ್ದು, ಒಬ್ಬರ ಕೈಯಿಂದೊಬ್ಬರು ಕಾಗದಪತ್ರಗಳನ್ನು ಕಸಿದುಕೊಳ್ಳುತ್ತಿದ್ದರೆಂಬ ದೂರು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು, ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು 1975ರಲ್ಲಿ ಅದನ್ನು ಕಟುವಾಗಿ ಖಂಡಿಸಿ ಬರೆದರು. ಅಮೆರಿಕದಲ್ಲಾದರೋ ಗಾಳಿ ಬೇರೆ ಕಡೆಗೆ ಬೀಸಿತು. 1977ರಲ್ಲಿ ಅರಿಜೋನದ ಇಬ್ಬರು ವಕೀಲರು ತಮ್ಮ ಶುಲ್ಕದ ಪಟ್ಟಿಯನ್ನು ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ್ದು ವಾಕ್ಸ್ವಾತಂತ್ರ್ಯಕ್ಕೆ ಒಳಪಟ್ಟದ್ದೆಂದು ಅಲ್ಲಿಯ ಉಚ್ಚತಮ ನ್ಯಾಯಾಲಯವು ಐದಕ್ಕೆ ನಾಲ್ಕು ಮತಗಳಿಂದ ತೀರ್ಮಾನಿಸಿತು. ಇಲ್ಲಿ 2008ರಲ್ಲಿ ಸ್ವಲ್ಪ ಸಡಿಲವಾಗಿ, ವಕೀಲನು ಜಾಲತಾಣದಲ್ಲಿ ಹೆಸರು, ವಿಳಾಸ, ಸನ್ನದಿನ ಸಂಖ್ಯೆ, ವಿದ್ಯಾರ್ಹತೆ, ನಡೆಯಿಸುವ ವ್ಯವಹಾರದ ಬಗೆ ಇಷ್ಟನ್ನು ತಿಳಿಸಬಹುದೆಂದಾಯಿತು. ಅದರಾಚೆಗೆ ಡಂಗುರ ಹೊಡೆಯುವವರನ್ನು ಪರಿಷತ್ತು 2025ರ ಮಾರ್ಚಿಯಲ್ಲಿ ಮತ್ತೊಮ್ಮೆ ಎಚ್ಚರಿಸಿತು.

ಹಾಗಾದರೆ ಬರೆಯುವುದು? ಕಾನೂನನ್ನು ತಿಳಿಯಾದ ಕನ್ನಡದಲ್ಲಿ ನಾಲ್ಕು ಜನಕ್ಕೆ ತಿಳಿಹೇಳುವುದನ್ನು ಡಂಗುರವೆನ್ನಬಹುದೇ? ಜಿಲ್ಲಾ ಕೇಂದ್ರವೊಂದರ ತರುಣ ವಕೀಲನೊಬ್ಬನು ಹೀಗೆ ತನ್ನನ್ನು ತಾನೇ ಕೇಳಿಕೊಂಡು, ಅಲ್ಲವೆಂದು ಉತ್ತರವನ್ನೂ ಕೊಟ್ಟುಕೊಂಡು, ಬ್ಲಾಗಿನಲ್ಲಿ ಬರೆಯತೊಡಗಿದನು. ಬರೆದದ್ದನ್ನು ಫೇಸ್‌ಬುಕ್ಕಿನಲ್ಲಿಯೂ ಹಾಕುವನು. ಅಲ್ಲಿಂದ ಅದು ವಾಟ್ಸಾಪಿನ ಗುಂಪುಗಳಿಗೆ ತಾನೇ ನಡೆದು ಹೋಗುವುದು. ಎದುರು ಕೋಣೆಯ ಹಿರಿಯ ವಕೀಲರು, “ಏನಯ್ಯಾ, ಇವೊತ್ತು ಎಷ್ಟು ಮಂದಿ ಹೆಬ್ಬೆಟ್ಟು ಒತ್ತಿದರು?” ಎಂದು ಕೇಳಿ ಎಲೆಯಡಿಕೆ ಮೆಲ್ಲುತ್ತಿದ್ದರು. ಅವರು ಜನ್ಮದಲ್ಲಿ ಅರ್ಜಿ ಜವಾಬುಗಳನ್ನಲ್ಲದೆ ಬೇರೊಂದು ಸಾಲನ್ನು ಬರೆದವರಲ್ಲ.

ತರುಣನ ಬರಹಗಳಲ್ಲಿ ಹೆಣ್ಣುಮಕ್ಕಳ ಪಾಲಿನ ವಿಷಯದ್ದು ಬಹು ದೂರ ಹೋಯಿತು. ಪಿತ್ರಾರ್ಜಿತದಲ್ಲಿ ಮಗಳಿಗೆ ಹುಟ್ಟಿನಿಂದಲೇ ಹಕ್ಕುಂಟು, 2005ರ ತಿದ್ದುಪಡಿಯ ದಿವಸ ತಂದೆಯು ಬದುಕಿರಲೇಬೇಕೆಂದಿಲ್ಲ ಎಂದು 2020ರ ಆಗಸ್ಟ್ 11ರಂದು ಸರ್ವೋಚ್ಚ ನ್ಯಾಯಾಲಯವು ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿದ್ದನ್ನು ಅವನು ಸೊಗಸಾಗಿ ಬಿಡಿಸಿ ಬರೆದಿದ್ದನು. ಓದುಗರಿಗೆ ಬೇಸರವಾದೀತೆಂದು ಒಂದು ತಾರೀಖನ್ನು ಮಾತ್ರ ಬಿಟ್ಟಿದ್ದನು.

ಕೆಲವು ತಿಂಗಳ ಮೇಲೆ ಹಳ್ಳಿಯಿಂದ ಒಬ್ಬ ಹೆಣ್ಣುಮಗಳು ಬಂದಳು. ಚೀಲದಲ್ಲಿ 1998ರ ನೋಂದಾಯಿತ ವಿಭಾಗಪತ್ರದ ನಕಲು, ಮೊಬೈಲಿನಲ್ಲಿ ಅವನ ಬರಹ. “ನೀವು ಬರೆದದ್ದನ್ನು ಓದಿಯೇ ಅಣ್ಣತಮ್ಮಂದಿರ ಹತ್ತಿರ ಪಾಲು ಕೇಳಿದೆ, ಸಾರ್. ಗೌರಿಹಬ್ಬದ ಬಾಗಿನ ನಿಂತುಹೋಯಿತು. ಈಗ ದಾವಾ ಹಾಕಿಕೊಡಿ” ಎಂದಳು. ವಿಭಾಗಪತ್ರವನ್ನು ನೋಡಿದೊಡನೆ ತರುಣನಿಗೆ ಬೆವರು ಬಂದಿತು. 2004ರ ಡಿಸೆಂಬರ್ 20ಕ್ಕಿಂತ ಮುಂಚೆ ನೋಂದಣಿಯಾಗಿ ಮುಗಿದ ಪಾಲನ್ನು ಹೊಸ ಕಾನೂನು ಕದಲಿಸುವುದಿಲ್ಲ. ಅವನು ಬಿಟ್ಟ ತಾರೀಖು ಅದೇ. ಕರ್ನಾಟಕದ 1994ರ ಕಾನೂನಾದರೂ ಆಸರೆಯಾದೀತೇ ಎಂದರೆ, ಅದು ಜಾರಿಗೆ ಬರುವ ಮೊದಲೇ ಮದುವೆಯಾದ ಹೆಣ್ಣುಮಕ್ಕಳನ್ನು ಹೊರಗಿಟ್ಟಿತ್ತು. ಆಕೆಯ ಮದುವೆ 1989ರಲ್ಲಿ. ತಪ್ಪು ತನ್ನದೆಂದು ಹೇಳದೆ ದಾವಾ ಹಾಕಿಕೊಟ್ಟು ಶುಲ್ಕ ಪಡೆಯುವುದು ಅಸಾಧ್ಯವೇನೂ ಆಗಿರಲಿಲ್ಲ. ಅಂಥದು ನಡೆಯದೆ ಇರುವುದೂ ಇಲ್ಲ.

ಅವನು ಹೇಳಿದನು. ಆಕೆ ಬಹಳ ಹೊತ್ತು ಸುಮ್ಮನೆ ಕುಳಿತು, “ಆ ಒಂದು ಸಾಲು ಬರೆದಿದ್ದರೆ ನಾನು ಬಾಯಿ ಬಿಡುತ್ತಿರಲಿಲ್ಲವಲ್ಲ” ಎಂದಳು. ಅದಕ್ಕೆ ಉತ್ತರವಿರಲಿಲ್ಲ. ವಿಭಾಗಪತ್ರವನ್ನು ಮತ್ತೆ ತಿರುವಿಹಾಕುತ್ತ ಅವನು, “ತಂದೆಯವರು ತಮಗೆಂದು ಇಟ್ಟುಕೊಂಡ ಎರಡು ಎಕರೆ ಏನಾಯಿತು, ಅಮ್ಮಾ?” ಎಂದು ಕೇಳಿದನು. ತಂದೆ 2011ರಲ್ಲಿ ತೀರಿಕೊಂಡಿದ್ದರು. ತಾಯಿ ಅದಕ್ಕೂ ಮೊದಲೇ. ಉಯಿಲು ಇಲ್ಲ. ಆ ಎರಡು ಎಕರೆಯನ್ನು ಗಂಡುಮಕ್ಕಳು ಉಳುತ್ತಿದ್ದರು. ಉಯಿಲಿಲ್ಲದೆ ಸತ್ತ ತಂದೆಯ ಸ್ವಂತ ಭಾಗದಲ್ಲಿ ಮಗಳಿಗೂ ಮಗನಿಗೂ 1956ರಿಂದಲೇ ಭೇದವಿಲ್ಲ. ಇಬ್ಬರು ಅಣ್ಣತಮ್ಮಂದಿರಿರಲಾಗಿ ಆಕೆಗೆ ಮೂರನೆಯ ಒಂದು ಭಾಗ ಬರತಕ್ಕದ್ದೇ. ಆಕೆ ಯೋಚಿಸಿ ಹೇಳುವೆನೆಂದು ಚೀಲವನ್ನು ಕಟ್ಟಿಕೊಂಡು ಎದ್ದಳು.

ಆ ರಾತ್ರಿ ಅವನು ಬರಹವನ್ನು ತಿದ್ದಿದನು. ತಾರೀಖನ್ನು ಮೊದಲ ಸಾಲಿನಲ್ಲಿಯೇ ಇಟ್ಟನು. ಆದರೆ ಮೊಬೈಲಿನಿಂದ ಮೊಬೈಲಿಗೆ ಹೋದ ಹಳೆಯ ಪಾಠವನ್ನು ಹಿಂದಕ್ಕೆ ಕರೆಯುವ ದಾರಿ ಇರಲಿಲ್ಲ. ಆಕೆಯ ಕಥೆಯನ್ನೇ ದೃಷ್ಟಾಂತವಾಗಿ ಬರೆದರೆ ಜನ ಆಸಕ್ತಿಯಿಂದ ಓದುವರೆಂದು ತೋರಿತಾದರೂ, ಕಕ್ಷಿಗಾರರು ಕೋಣೆಯಲ್ಲಿ ಹೇಳಿದ್ದು ಕೋಣೆಯಲ್ಲಿಯೇ ಉಳಿಯಬೇಕೆಂದು ಬರೆಯಲಿಲ್ಲ.

ಮುಂದಿನ ವಾರ ಒಬ್ಬ ಗೃಹಸ್ಥನು ಬಂದು ಕೈಮುಗಿದನು. ತಂಗಿ ಕಳಿಸಿದ ಬರಹವನ್ನು ಓದಿ, ಇಷ್ಟು ಚೆನ್ನಾಗಿ ತಿಳಿದವರು ಮತ್ತೊಬ್ಬರಿಲ್ಲವೆಂದು ನಂಬಿ, ತನ್ನ ಕಡೆಗೆ ಇವರೇ ವಕಾಲತ್ತು ಹಾಕಬೇಕೆಂದು ನಿಶ್ಚಯಿಸಿ ಬಂದಿದ್ದನು. ಮುಂಗಡವನ್ನು ಮೇಜಿನ ಮೇಲೆ ಇಟ್ಟೂ ಬಿಟ್ಟನು. ಹೆಸರು ಕೇಳಿ ತರುಣನು ಆ ನೋಟುಗಳನ್ನು ಹಿಂದಕ್ಕೆ ಸರಿಸಿ, ಈ ವ್ಯವಹಾರವನ್ನು ತಾನು ಹಿಡಿಯುವಂತಿಲ್ಲ, ಕಾರಣವನ್ನು ಕೇಳಬಾರದು ಎಂದನು. ಆ ಗೃಹಸ್ಥನು ಹೊರಗೆ ಬಂದು ಎರಡು ನಿಮಿಷ ನಿಂತು, ಎದುರು ಕೋಣೆಯ ಹಿರಿಯ ವಕೀಲರ ಬಾಗಿಲಲ್ಲಿ ಚಪ್ಪಲಿ ಬಿಟ್ಟನು.