ಮನಸ್ಸಿನ ರೋಗಕ್ಕೂ ಮದ್ದು ಇದೆ

ಹೋದ ವರ್ಷ ಈರುಳ್ಳಿ ರೇಟು ಬಿತ್ತು, ಬೋರೂ ಬತ್ತಿತು. ಮೂರು ತಿಂಗಳು ನಿದ್ದೆ ಇಲ್ಲ, ಊಟ ಸೇರ್ತಿರಲಿಲ್ಲ, ಹೊಲದ ಕಡೆ ಕಾಲಿಡಲಿಲ್ಲ. ನನ್ನವಳು ಹೊಡೆಯೋ ಔಷಧಿ ಡಬ್ಬಗಳನ್ನೆಲ್ಲ ಅಣ್ಣನ ಮನೆಗೆ ಸಾಗಿಸಿದ್ದಳು. ತಾಯತ ಕಟ್ಟಿಸಿದ್ದೂ ಆಯ್ತು.

ಕೊನೆಗೆ ತಾಲೂಕು ಆಸ್ಪತ್ರೆಗೆ ಮಂಗಳವಾರ ಬರೋ ಮನೋವೈದ್ಯರ ಹತ್ರ ಕರ್ಕೊಂಡು ಹೋದಳು. ಊರವರು ನೋಡಿಯಾರು ಅಂತ ಟವೆಲ್ ಮುಖಕ್ಕೆ ಅಡ್ಡ ಹಿಡಿದಿದ್ದೆ. "ಇದು ಖಿನ್ನತೆ, ವಾಸಿಯಾಗುತ್ತೆ. ಮಾತ್ರೆ ಹಿಡಿಯೋಕೆ ಎರಡು ಮೂರು ವಾರ ಬೇಕು, ನಡುವೆ ಬಿಡಬೇಡಿ" ಅಂದ್ರು. ಮೂರನೇ ವಾರ ನಿದ್ದೆ ಬಂತು. ಎರಡನೇ ತಿಂಗಳು ನಾನೇ ಕುಂಟೆ ಹೊಡೆದೆ. ಸಾಲ ಇನ್ನೂ ಇದೆ, ಎದುರಿಸೋ ಧೈರ್ಯ ಬಂದಿದೆ.

ಬೆಳೆಗೆ ರೋಗ ಬಂದ್ರೆ ಎಲೆ ಕಿತ್ಕೊಂಡು ಕೃಷಿ ಕೇಂದ್ರಕ್ಕೆ ಓಡ್ತೀವಲ್ಲ, ಮನಸ್ಸಿಗೂ ಹಾಗೇ ಮಾಡ್ರಪ್ಪ. ಟೆಲಿ ಮಾನಸ್ 14416, ಹಗಲು ರಾತ್ರಿ ಪುಕ್ಕಟೆ, ಕನ್ನಡದಲ್ಲೇ ಮಾತಾಡ್ತಾರೆ. ಆಸ್ಪತ್ರೆಗೆ ಜೊತೆ ಬೇಕಂದ್ರೆ ನಾನು ಬರ್ತೀನಿ.